ತೀರ್ಥೇಶ ಸರ್ವರ್ ನೋಡಿಬಂದದ್ದು

ಸಿಂಗಟಗೆರೆಯಲ್ಲಿ ಯಾರು ಏನು ಕೊಳ್ಳಬೇಕಾದರೂ ತೀರ್ಥೇಶನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಎಮ್ಮೆಯಾಗಲಿ, ಬೋರ್‌ವೆಲ್ ಮೋಟಾರಾಗಲಿ, ನೆಲಕ್ಕೆ ಹಾಕಿಸುವ ಟೈಲ್ಸಾಗಲಿ, ಅವನು ಮುಟ್ಟಿ, ತಟ್ಟಿ, ಬಗ್ಗಿ ನೋಡಿ "ಹ್ಞೂಂ, ಆಗ್ಬೋದು" ಅಂದ ಮೇಲೆಯೇ ವ್ಯಾಪಾರ. ಹಾಗಂತ ಅವನು ಆರಿಸಿದ್ದೆಲ್ಲ ಚೆನ್ನಾಗಿತ್ತು ಎಂದೇನೂ ಅಲ್ಲ. ಎಮ್ಮೆಗಳಲ್ಲಿ ಎರಡು ಒದೆಯುತ್ತಿದ್ದವು, ಟೈಲ್ಸ್ ಹಾಕಿಸಿದ ಮನೆಯವರು ಮಳೆಗಾಲದಲ್ಲಿ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದರು. ಆದರೂ ಜನ ಕರೆಯುವುದನ್ನು ಬಿಟ್ಟಿರಲಿಲ್ಲ. ಕೆಟ್ಟುಹೋದರೆ ಬೈಯುವುದಕ್ಕೆ ಒಬ್ಬ ಮನುಷ್ಯ ಕೈಗೆ ಸಿಗುತ್ತಾನಲ್ಲ, ಅದಕ್ಕೇ ಕರೆಯುತ್ತಾರೆ ಎಂಬುದು ಅವನ ಹೆಂಡತಿ ಅಂಬಮ್ಮನ ಅಭಿಪ್ರಾಯ. ತೀರ್ಥೇಶನಿಗೂ ಒಳಗೊಳಗೆ ಅದೇ ಅನುಮಾನವಿತ್ತು. ಆದರೆ ಹೆಂಡತಿಯ ಮಾತನ್ನು ಒಪ್ಪಿಕೊಳ್ಳುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ.

ಅವನು ಆರಿಸಿದ್ದರಲ್ಲಿ ತೀರಾ ಕೆಟ್ಟುಹೋದದ್ದು ಒಂದಿತ್ತು. ಅದರ ಬಗ್ಗೆ ಮಾತ್ರ ಯಾರೂ ಬೈದಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ತಂಗಿ ಮಲ್ಲಿಕಾಂಬಳಿಗೆ ಅಮೃತಾಪುರದ ಕಡೆಯಿಂದ ಗಂಡು ಬಂದಿತ್ತು. ಅಪ್ಪ ಆಗಲೇ ತೀರಿಕೊಂಡಿದ್ದರಿಂದ ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ಹೋದವನು ತೀರ್ಥೇಶ. ಹೋದವನು ನೋಡಿದ್ದೇನು ಕಡಿಮೆಯಲ್ಲ. ಬಾವಿಗೆ ಕಲ್ಲು ಹಾಕಿ ಆಳ ಅಂದಾಜು ಮಾಡಿದ, ತೋಟದೊಳಗೆ ನಡೆದು ತೆಂಗಿನ ಕಾಯಿಗೆ ನುಸಿ ಬಿದ್ದಿದೆಯೇ ಎಂದು ಕತ್ತೆತ್ತಿ ನೋಡಿದ, ಕೊಟ್ಟಿಗೆಯ ಸೂರಿನ ತೊಲೆ ಗುದ್ದಿ ನೋಡಿದ. ಗಂಡು ಒಂದು ಮೂಲೆಯಲ್ಲಿ ಮಾತಿಲ್ಲದೆ ಕೂತಿದ್ದ. ಗುಣವಂತ, ತಗ್ಗಿಬಗ್ಗಿ ನಡೆಯುವವನು ಎಂದುಕೊಂಡ ತೀರ್ಥೇಶ. ಮನೆಗೆ ಬಂದು "ಆಯ್ತು ಕಣೇ ಮಲ್ಲಿ, ನೋಡ್ಕಂಡ್ ಬಂದೆ, ಮನೆ ಚೆನ್ನಾಗೈತೆ" ಅಂದ. ಅವಳು "ಆಯ್ತಣ್ಣ" ಅಂದಳು. ಮೂರು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ಅವಳು ವಾಪಸ್ಸು ಬಂದಳು. ಬಾವಿಯಲ್ಲಿ ನೀರಿತ್ತು, ತೋಟದಲ್ಲಿ ಫಸಲಿತ್ತು, ಕೊಟ್ಟಿಗೆಯ ತೊಲೆ ಇವತ್ತಿಗೂ ಗಟ್ಟಿಯಾಗಿಯೇ ಇರಬಹುದು. ಗಂಡ ಮಾತ್ರ ಕುಡಿದು ಹೊಡೆಯುತ್ತಿದ್ದ. ತರೀಕೆರೆಯ ಕೋರ್ಟಿಗೆ ನಾಲ್ಕು ವರ್ಷ ಓಡಾಡಿ ಬಿಡುಗಡೆಯಾಯಿತು. ಪ್ರತಿಸಲವೂ ಬೈಕಿನ ಹಿಂದೆ ಕೂರಿಸಿಕೊಂಡು ಹೋದವನು ತೀರ್ಥೇಶನೇ. ಅಷ್ಟು ಸಲ ಹೋಗಿಬಂದರೂ ಅವಳು ಅಣ್ಣನಿಗೆ ಒಂದು ಗಡಸು ಮಾತು ಆಡಲಿಲ್ಲ. ಆಡಿಬಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಮಲ್ಲಿಕಾಂಬ ಅಜ್ಜಂಪುರದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಕೊಬ್ಬರಿ ಮಿಠಾಯಿ ಮಾಡತೊಡಗಿದಳು. ಬೆಲ್ಲದ ಮಿಠಾಯಿ, ಜೊತೆಗೆ ಕೊಬ್ಬರಿ ಚಟ್ನಿಪುಡಿ. ಮೊದಲು ಬಸ್ ಸ್ಟ್ಯಾಂಡಿನ ಬೇಕರಿಗೆ, ಆಮೇಲೆ ಬೀರೂರು, ಕಡೂರಿನ ಅಂಗಡಿಗಳಿಗೆ, ಆಮೇಲೆ ಫೋನಿನಲ್ಲೇ ಆರ್ಡರ್. ಈಗ ಹುಲಿಗೆಮ್ಮನೂ ಸೇರಿ ಮೂವರು ಹೆಂಗಸರು ಅವಳ ಜೊತೆ ಕೆಲಸಕ್ಕಿದ್ದರು. ಈ ವರ್ಷ ಬೆಂಗಳೂರಿನ ಒಂದು ಸಾವಯವ ಅಂಗಡಿಯವರು ದೀಪಾವಳಿಯ ಪಟ್ಟಿಗೆ ಅವಳ ಮಿಠಾಯಿ ಸೇರಿಸುವ ಯೋಚನೆ ಮಾಡಿ, ನಿಮ್ಮದೊಂದು ವೆಬ್‌ಸೈಟ್ ಇದ್ದರೆ ನೋಡಿ ತೀರ್ಮಾನ ಮಾಡುತ್ತೇವೆ ಎಂದಿದ್ದರು.

ವೆಬ್‌ಸೈಟನ್ನು ಅಜ್ಜಂಪುರದಲ್ಲೇ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ ಪ್ರಿಯಾಂಕಾ ಎಂಬ ಹುಡುಗಿ ಮಾಡಿಕೊಟ್ಟಳು. ಬೆಲ್ಲದ ಬಣ್ಣದ ಪುಟಗಳು, ಮಿಠಾಯಿಯ ಫೋಟೋಗಳು, ಬಾಣಲೆಯ ಮುಂದೆ ನಿಂತ ಮಲ್ಲಿಕಾಂಬಳ ನಗು, ಎಲ್ಲ ಚೆನ್ನಾಗಿ ಬಂದಿತ್ತು. ಆದರೆ ಅದು ಪ್ರಿಯಾಂಕಾಳ ಕಂಪ್ಯೂಟರಿನೊಳಗೇ ಇತ್ತು. ಊರಿನವರೆಲ್ಲ ನೋಡಬೇಕೆಂದರೆ ಹಗಲೂ ರಾತ್ರಿ ಆನ್ ಇರುವ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಅದನ್ನು ಇಡಬೇಕು, ಅದಕ್ಕೆ ಸರ್ವರ್ ಅನ್ನುತ್ತಾರೆ, ಹಾಗೆ ಜಾಗ ಕೊಡುವುದಕ್ಕೆ ಹೋಸ್ಟಿಂಗ್ ಅನ್ನುತ್ತಾರೆ, ಅದನ್ನು ಕೊಡುವ ಕಂಪನಿಗಳಿವೆ ಎಂದು ಅವಳು ವಿವರಿಸಿದಳು. ಒಂದು ಚೀಟಿಯಲ್ಲಿ ಮೂರು ಕಂಪನಿಗಳ ಹೆಸರು, ಫೋನ್ ನಂಬರು ಬರೆದು ಕೊಟ್ಟಳು.

"ಮೂರ್ರಲ್ಲಿ ಯಾವ್ದಾದ್ರೂ ಆಗುತ್ತೆ ಅಂಕಲ್, ಹತ್ತು ನಿಮಿಷದ ಕೆಲಸ," ಅಂದಳು.

ಅಂಕಲ್ ಅಂದದ್ದನ್ನು ತೀರ್ಥೇಶ ಹೊಟ್ಟೆಗೆ ಹಾಕಿಕೊಂಡ. ಯಾವುದಾದರೂ ಆಗುತ್ತೆ ಅಂದದ್ದನ್ನು ಹಾಕಿಕೊಳ್ಳಲಾಗಲಿಲ್ಲ. ಯಾವುದಾದರೂ ಆಗುತ್ತದೆ ಎನ್ನುವುದಾದರೆ ಜಗತ್ತಿನಲ್ಲಿ ತೀರ್ಥೇಶನಂಥವರು ಯಾಕಿರಬೇಕು? ಅವನು ತಂಗಿಯ ಕೈಯಿಂದ ಚೀಟಿಯನ್ನು ಇಸಿದುಕೊಂಡು ಜೇಬಿಗೆ ಹಾಕಿ, ಇದನ್ನು ನನಗೆ ಬಿಡು, ನಾನು ನೋಡಿಕೊಳ್ಳುತ್ತೇನೆ ಎಂದ. ಈ ಒಂದನ್ನಾದರೂ ತಂಗಿಗೆ ಸರಿಯಾಗಿ ಆರಿಸಿಕೊಡಬೇಕು ಎಂದು ಅವನ ಮನಸ್ಸು ಹಠ ಹಿಡಿದಿತ್ತು. ಇನ್ನೊಂದು ಸಲ ಅವಳಿಗೆ ಕೆಟ್ಟದ್ದನ್ನು ತಂದುಕೊಟ್ಟರೆ ತನ್ನ ಮುಖ ತನಗೇ ನೋಡಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಹತ್ತು ನಿಮಿಷದ ಆ ಕೆಲಸ ಏಳು ವಾರ ಹಿಡಿಯಿತು.

ಮೊದಲನೆಯ ಕಂಪನಿಯವನು ಎಲ್ಲವೂ ಅನ್‌ಲಿಮಿಟೆಡ್ ಎಂದ. ಜಾಗ ಅನ್‌ಲಿಮಿಟೆಡ್, ನೋಡುವ ಜನ ಅನ್‌ಲಿಮಿಟೆಡ್. ತೀರ್ಥೇಶನಿಗೆ ಬೋರ್‌ವೆಲ್ ಲಾರಿಯ ಏಜೆಂಟ್ ನೆನಪಾದ. ಅವನೂ ನೀರಿನ ಬಗ್ಗೆ ಹೀಗೇ ಹೇಳಿ ಆರುನೂರು ಅಡಿ ಬರೀ ಧೂಳು ತೆಗೆದುಕೊಟ್ಟಿದ್ದ. ಆ ಹೆಸರಿಗೆ ಗೀಟು ಬಿತ್ತು. ಎರಡನೆಯ ಕಂಪನಿಯಲ್ಲಿ ಒಬ್ಬಳು ಹುಡುಗಿ ಕನ್ನಡದಲ್ಲೇ ಮಾತಾಡಿದಳು. ನಿಮ್ಮ ಸರ್ವರ್ ಯಾವ ಊರಲ್ಲಿದೆ, ಒಂದು ದಿನ ಬಂದು ನೋಡಬಹುದೇ ಎಂದು ತೀರ್ಥೇಶ ಕೇಳಿದ. ಬಿಡುವುದಿಲ್ಲ ಸರ್, ನಾನೇ ಇದುವರೆಗೂ ನೋಡಿಲ್ಲ ಎಂದು ಅವಳು ನಕ್ಕುಬಿಟ್ಟಳು. ಸ್ವಂತ ಮನೆಯನ್ನೇ ನೋಡದವರು ಇನ್ನೊಬ್ಬರ ಹೆಣ್ಣುಮಗಳನ್ನು ಹೇಗೆ ನೋಡಿಕೊಳ್ಳುತ್ತಾರೆ? ಅಲ್ಲಿಗೂ ಗೀಟು. ಮೂರನೆಯವರು ಶೇಕಡ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಹೊತ್ತು ನಮ್ಮ ಸರ್ವರ್ ನಡೆಯುತ್ತಿರುತ್ತದೆ ಎಂದರು. ಉಳಿದ ಪಾಯಿಂಟ್ ಒಂದು ಯಾವ ದಿನ, ಎಷ್ಟು ಗಂಟೆಗೆ, ಕರೆಂಟಿನವರು ಪೇಪರಿನಲ್ಲಿ ಹಾಕಿಸುವ ಹಾಗೆ ಮೊದಲೇ ತಿಳಿಸುತ್ತೀರಾ ಎಂದು ತೀರ್ಥೇಶ ಕೇಳಿದ. ಆ ಕಡೆಯವನು ಸಂಗೀತ ಹಾಕಿ ಹೊರಟುಹೋದ. ತೀರ್ಥೇಶ ಇಪ್ಪತ್ತು ನಿಮಿಷ ಆ ಸಂಗೀತ ಕೇಳುತ್ತ ಕಟ್ಟೆಯ ಮೇಲೆ ಕೂತಿದ್ದ. ಅಂಬಮ್ಮ ಊಟಕ್ಕೆ ಕರೆದರೆ, ಮುಖ್ಯವಾದ ಮಾತುಕತೆ ನಡೀತಿದೆ ಎಂದು ಸನ್ನೆ ಮಾಡಿದ.

ಕೊನೆಗೆ ಕಡೂರಿನಲ್ಲಿ ಯಾರೋ ಕಲ್ಲೇಶನ ಹೆಸರು ಹೇಳಿದರು. ಕಲ್ಲೇಶನದು ಅಲ್ಲೊಂದು ಕಂಪ್ಯೂಟರ್ ಸೆಂಟರ್. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ರಿಸಲ್ಟ್ ನೋಡಿ ಹೇಳುವುದು ಅವನ ದಿನದ ಕೆಲಸ. ಅದರ ಜೊತೆಗೆ ಹಿಂದಿನ ರೂಮಿನಲ್ಲಿ ಸ್ವಂತದ್ದೊಂದು ಸರ್ವರ್ ಇಟ್ಟು, ಒಂದು ಕಲ್ಯಾಣ ಮಂಟಪದ್ದೂ ಒಬ್ಬ ಕೊಬ್ಬರಿ ಮಂಡಿಯವರದ್ದೂ ವೆಬ್‌ಸೈಟ್ ನಡೆಸುತ್ತಿದ್ದ. ಬಂದು ನೋಡಬಹುದೇ ಎಂದು ತೀರ್ಥೇಶ ಕೇಳಿದ್ದಕ್ಕೆ, "ಬನ್ನಿ ಅಣ್ಣಾ, ನೋಡ್ದೆ ಯಾರಾದ್ರೂ ತಗಂತಾರಾ?" ಎಂದ. ಆ ಮಾತಿಗೇ ತೀರ್ಥೇಶನ ಅರ್ಧ ಮನಸ್ಸು ಕರಗಿತು.

ಅವನು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ಹೆಗಲಿಗೆ ಟವೆಲ್ ಇಳಿಬಿಟ್ಟು, ಒಳ್ಳೆಯ ದಿನ ನೋಡಿ ಕಡೂರಿಗೆ ಹೋದ. ಕಲ್ಲೇಶ ಸ್ಟೂಲ್ ಹಾಕಿದ, ಟೀ ತರಿಸಿದ. ಮಾತಾಡುತ್ತ ಕಲ್ಲೇಶನ ತಾಯಿ ಪಂಚನಹಳ್ಳಿಯವರು, ತೀರ್ಥೇಶನ ಸೋದರತ್ತೆಯ ಮನೆಗೆ ಎರಡು ಮನೆ ಆಚೆಯವರು ಎಂದು ತಿಳಿಯಿತು. ಹಿಂದಿನ ರೂಮಿನಲ್ಲಿ ಎ.ಸಿ. ಇತ್ತು. ಕಬ್ಬಿಣದ ರ‍್ಯಾಕಿನಲ್ಲಿ ಕಪ್ಪನೆಯ ಪೆಟ್ಟಿಗೆ, ಅದರ ಮುಂದೆ ಮಿಣುಕುವ ಹಸಿರು ದೀಪಗಳು, ಹೋದ ವರ್ಷದ ಆಯುಧಪೂಜೆಯಲ್ಲಿ ಬಳಿದ ವಿಭೂತಿಯ ಮೂರು ಗೆರೆ ಇನ್ನೂ ಅಳಿಸಿರಲಿಲ್ಲ. ತೀರ್ಥೇಶ ಪೆಟ್ಟಿಗೆಯನ್ನು ಮುಟ್ಟಿದ, ಬೆಚ್ಚಗಿತ್ತು. ಬ್ಯಾಟರಿಗಳ ಮುಚ್ಚಳ ತೆಗೆಸಿ ನೀರು ಎಷ್ಟಿದೆ ನೋಡಿದ, ಇತ್ತು. ಮಾಳಿಗೆ ಸೋರುತ್ತದೆಯೇ ಎಂದು ಮೇಲೆ ನೋಡಿದ, ಸೋರಿದ ಕಲೆ ಇರಲಿಲ್ಲ. ಕೊನೆಗೆ ತನ್ನ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಬೇರೆ ಯಾರಿಗೂ ಹೊಳೆಯದಂಥ ಒಂದು ಪ್ರಶ್ನೆ ಕೇಳಿದ. ಇಷ್ಟೆಲ್ಲ ವೈರು, ಬ್ಯಾಟರಿ ಇದೆ, ಊರಿಗೆ ಗೀರಿಗೆ ಹೋಗುವಾಗ ಬೆಂಕಿ ಹತ್ತಿಕೊಂಡರೆ ಗತಿ ಏನು?

"ಊರಿಗೆ ಹೋಗೋವಾಗ ಮೇನ್ ಆಫ್ ಮಾಡ್ದೆ ನಾನು ಹೊಸ್ಲು ದಾಟಲ್ಲ ಅಣ್ಣಾ," ಎಂದ ಕಲ್ಲೇಶ.

ಎಂಥ ಜವಾಬ್ದಾರಿಯ ಮನುಷ್ಯ ಎಂದುಕೊಂಡ ತೀರ್ಥೇಶ. ಬೆಂಗಳೂರಿನ ಯಾವ ಕಂಪನಿಯವನು ಹೀಗೆ ಮೇನ್ ಆಫ್ ಮಾಡುತ್ತಾನೆ? ನಿಮ್ಮ ಹಾಗೆ ವಿಚಾರಿಸುವವರು ಸಿಗುವುದೇ ಇಲ್ಲ ಎಂದು ಕಲ್ಲೇಶನೂ ಹೊಗಳಿದ. ಇಬ್ಬರೂ ಇನ್ನೊಂದು ಟೀ ಕುಡಿದರು. ತೀರ್ಥೇಶ ಅಲ್ಲಿಂದಲೇ ತಂಗಿಗೆ ಫೋನ್ ಮಾಡಿ, "ಆಯ್ತು ಕಣೇ, ನೋಡ್ಕಂಡ್ ಬಂದೆ, ನಮ್ಮೋರೇ, ಎಲ್ಲ ಚೆನ್ನಾಗೈತೆ" ಅಂದ. ಅವಳು "ಆಯ್ತಣ್ಣ" ಅಂದಳು. ಪ್ರಿಯಾಂಕಾ ಏನೋ ಹೇಳಲು ನೋಡಿದಳಂತೆ, ಮಲ್ಲಿಕಾಂಬಳೇ ಬೇಡ ಬಿಡು ಅಂದಳಂತೆ. ಇದು ಅವನಿಗೆ ಆಮೇಲೆ ಗೊತ್ತಾಯಿತು.

ಶುಕ್ರವಾರ ವೆಬ್‌ಸೈಟ್ ಶುರುವಾಯಿತು. ಶನಿವಾರ, ಭಾನುವಾರ ಎರಡು ದಿನವೂ ತೀರ್ಥೇಶ ಅದನ್ನು ಫೋನಿನಲ್ಲಿ ತೆಗೆದು ನೋಡಿದ್ದೇ ನೋಡಿದ್ದು. ಹಾಲಿನ ಡೈರಿಯಲ್ಲಿ ತೋರಿಸಿದ, ಕ್ಷೌರದ ಅಂಗಡಿಯಲ್ಲಿ ತೋರಿಸಿದ, ಸಾವಿನ ಮನೆಗೆ ಹೋದವನು ಅಲ್ಲಿಯೂ ಒಬ್ಬರಿಗೆ ಮೆಲ್ಲಗೆ ತೋರಿಸಿದ. ಬೆಂಗಳೂರಿನವರು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗಿನಲ್ಲಿ ನೋಡುತ್ತೇವೆ ಎಂದು ಹೇಳಿದ್ದರು. ಆ ಗಳಿಗೆಗೆ ತಂಗಿಯ ಪಕ್ಕದಲ್ಲಿರಬೇಕೆಂದು ಅವನು ಸೋಮವಾರ ಹತ್ತಕ್ಕೇ ಅಜ್ಜಂಪುರದಲ್ಲಿದ್ದ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಪ್ರಿಯಾಂಕಾ ಓಡಿಬಂದಳು. ವೆಬ್‌ಸೈಟ್ ತೆರೆಯುತ್ತಿಲ್ಲ.

ತೀರ್ಥೇಶ ತನ್ನ ಫೋನಿನಲ್ಲಿ ನೋಡಿದ. ಬಿಳಿಯ ಪುಟ, ಅದರಲ್ಲಿ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು. ಫೋನ್ ಆಫ್ ಮಾಡಿ ಆನ್ ಮಾಡಿದ. ಹುಲಿಗೆಮ್ಮನ ಫೋನ್ ಇಸಿದುಕೊಂಡು ನೋಡಿದ. ಅಲ್ಲೂ ಅದೇ ಬಿಳಿ. ಕಲ್ಲೇಶನಿಗೆ ಮಾಡಿದರೆ ಸಂಪರ್ಕ ವ್ಯಾಪ್ತಿಯಿಂದ ಹೊರಗೆ. ಮಲ್ಲಿಕಾಂಬ ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದಳು, ಏನೂ ಅನ್ನಲಿಲ್ಲ. ಅವಳ ಆ ಸುಮ್ಮನಿರುವಿಕೆ ತೀರ್ಥೇಶನಿಗೆ ಚೆನ್ನಾಗಿ ಪರಿಚಯವಿತ್ತು. ಅಲ್ಲಿ ನಿಲ್ಲಲಾಗದೆ ಅವನು ಬೈಕ್ ಹತ್ತಿದ.

ಬೀರೂರು ದಾಟಿ ಕಡೂರು ಸೇರುವವರೆಗೂ ಅವನು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಹೆಲ್ಮೆಟ್ಟಿನೊಳಗೆ ಬೈದುಕೊಳ್ಳುವುದರಿಂದ ಒಂದು ಅನುಕೂಲ, ಬೈದದ್ದೆಲ್ಲ ಅಲ್ಲೇ ಉಳಿದು ಸರಿಯಾಗಿ ಕಿವಿಗೆ ಬೀಳುತ್ತದೆ. ಕಲ್ಲೇಶನ ಅಂಗಡಿಯ ಷಟರ್ ಎಳೆದಿತ್ತು. ಎರಡು ಬೀಗ ಹಾಕಿತ್ತು, ಎರಡೂ ಒಳ್ಳೆಯ ಬೀಗಗಳು. ತೀರ್ಥೇಶ ಎಳೆದು ನೋಡಿದ, ಜಗ್ಗಲಿಲ್ಲ. ಪಕ್ಕದ ಅಂಗಡಿಯವನು, ಕಲ್ಲೇಶಪ್ಪ ಮನೆಯವರನ್ನೆಲ್ಲ ಕರೆದುಕೊಂಡು ಮನೆದೇವರಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದ. ತೀರ್ಥೇಶ ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷಕ್ಕೊಂದು ಸಲ ಫೋನ್ ಮಾಡಿದ. ಒಂದೂವರೆಗೆ ಸಿಕ್ಕಿತು. ಆ ಕಡೆ ಗಂಟೆಯ ಸದ್ದು, ಜನರ ಗದ್ದಲ. ತೀರ್ಥೇಶ ತನ್ನ ಹೆಸರು ಹೇಳುವುದೇ ತಡ, ಕಲ್ಲೇಶ ಮೊದಲು ಮಾತಾಡಿದ.

"ಅಣ್ಣಾ, ನೀವೇನೂ ಯೋಚ್ನೆ ಮಾಡ್ಬೇಡಿ. ಮೇನ್ ಆಫ್ ಮಾಡೇ ಬಂದಿದ್ದೀನಿ."

ತೀರ್ಥೇಶನಿಗೆ ಬೈಗುಳ ಬಾಯಿಗೆ ಬಂತು, ಆದರೆ ಯಾರಿಗೆ ಬೈಯುವುದೋ ತಿಳಿಯಲಿಲ್ಲ. ಆ ಮನುಷ್ಯ ಹೇಳಿದ ಹಾಗೆಯೇ ನಡೆದುಕೊಂಡಿದ್ದ. ಮಂಟಪದವರಿಗೂ ಮಂಡಿಯವರಿಗೂ ಒಂದು ದಿನ ಬಾಗಿಲು ಹಾಕಿದರೆ ಏನೂ ಮುಳುಗುವುದಿಲ್ಲ, ಅವರು ಯಾವತ್ತೂ ತಕರಾರು ಮಾಡಿರಲಿಲ್ಲವಂತೆ. ಬ್ಯಾಟರಿಯ ನೀರು ನೋಡಿದವನು, ಮಾಳಿಗೆ ನೋಡಿದವನು, ಮೇನ್ ಆಫ್ ಮಾಡುತ್ತೇನೆ ಎಂದದ್ದನ್ನು ಕೇಳಿ ಮೆಚ್ಚಿಕೊಂಡವನು ತೀರ್ಥೇಶ. ಹಗಲೂ ರಾತ್ರಿ ಆನ್ ಇರಬೇಕು ಎಂದು ಪ್ರಿಯಾಂಕಾ ಹೇಳಿದ್ದ ಒಂದೇ ಒಂದು ಮಾತು ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಇರಲೇ ಇಲ್ಲ. ದೇವರಿಗೆ ಕೈಮುಗಿದು ಬಾ ಎಂದಷ್ಟೇ ಹೇಳಿ ಫೋನ್ ಇಟ್ಟ.

ಅಜ್ಜಂಪುರಕ್ಕೆ ವಾಪಸ್ಸು ಬರುವ ಹೊತ್ತಿಗೆ ಸಂಜೆಯಾಗಿತ್ತು. ಕೆಲಸದ ಹೆಂಗಸರು ಮನೆಗೆ ಹೋಗಿದ್ದರು. ಮಲ್ಲಿಕಾಂಬ ತಟ್ಟೆಯಲ್ಲಿ ಆರಿದ ಮಿಠಾಯಿಯನ್ನು ಕತ್ತರಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ, ತಾನು ಮೇನಿನ ಬಗ್ಗೆ ಕೇಳಿ ಸಂತೋಷಪಟ್ಟದ್ದನ್ನೂ ಹೇಳಿದ. ಅವಳು ಮುಖ ತಗ್ಗಿಸಿದಳು. ಅಳುತ್ತಿದ್ದಾಳೆ ಎಂದುಕೊಂಡ. ಅವಳು ನಗುತ್ತಿದ್ದಳು. ನಗು ಹೆಚ್ಚಾಗಿ ಚಾಕು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೆಂಗಳೂರಿನವರಿಗೆ ಅವಳೇ ಫೋನ್ ಮಾಡಿದ್ದಳಂತೆ. ಇವತ್ತು ನಮ್ಮದು ತೆರೆಯುತ್ತಿಲ್ಲ, ತಪ್ಪು ನಮ್ಮದೇ, ಸರಿ ಮಾಡಿಸುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಗುರುವಾರದವರೆಗೂ ಕಾಯುತ್ತೇವೆ ಎಂದಿದ್ದರು. ಗುರುವಾರ ಅವರು ನೋಡಿದ್ದೂ ಆಯಿತು, ಪಟ್ಟಿಗೆ ಸೇರಿಸಿದ್ದೂ ಆಯಿತು. ಅದರಲ್ಲಿ ತೀರ್ಥೇಶನ ಕೈವಾಡ ಏನೂ ಇಲ್ಲದ್ದರಿಂದ ಅದನ್ನು ಇಲ್ಲಿ ಉದ್ದ ಮಾಡುವ ಅಗತ್ಯವಿಲ್ಲ.

ಅವನು ಜೇಬಿನಿಂದ ಚೀಟಿ ತೆಗೆದ. ಏಳು ವಾರ ಬೆವರು ಕುಡಿದು ಮಡಿಕೆಯಲ್ಲಿ ಹರಿಯುವುದಕ್ಕೆ ಬಂದಿತ್ತು. ಮೂರು ಹೆಸರಿನ ಮೇಲೂ ಅವನು ಎಳೆದ ಗೀಟು. ಇನ್ನೊಂದು ಸಲ ವಿಚಾರಿಸುತ್ತೇನೆ, ಈ ಸಲ ಸರಿಯಾಗಿ ಕೇಳುತ್ತೇನೆ ಎಂದು ಶುರು ಮಾಡಿದ.

"ಎರಡ್ನೇದು ಅಣ್ಣ," ಎಂದಳು ಮಲ್ಲಿಕಾಂಬ. "ನಾನು ಮೂರೂ ಕಡೆ ಮಾತಾಡಿದ್ದೆ. ಆ ಹುಡುಗಿ ನಾನು ಹೇಳೋದು ಮುಗಿಯೋಗಂಟ ಕೇಳಿಸ್ಕಂಡ್ಳು. ರಾತ್ರಿ ನಿಂತೋದ್ರೂ ಯಾರಾದ್ರೂ ಎದ್ದು ನೋಡ್ತಾರೆ ಅಂದ್ಳು."

"ಯಾವಾಗ ಮಾತಾಡ್ದೆ?"

"ಪ್ರಿಯಾಂಕಾ ಚೀಟಿ ಬರ್ದಿದ್ಲಲ್ಲ, ಅದ್ರ ಮಾರ್ನೇ ದಿನ. ನಂಬರು ಅವ್ಳತ್ರನೇ ಇಸ್ಕಂಡೆ."

"ಮತ್ತೆ ಹೇಳ್ಲಿಲ್ವಲ್ಲೇ ನಂಗೆ?"

"ನೀನು ಕೇಳ್ಲಿಲ್ವಲ್ಲಣ್ಣ."

ಅವಳು ಅದನ್ನು ಚುಚ್ಚುವ ಹಾಗೆ ಹೇಳಲಿಲ್ಲ, ಉಪ್ಪು ಎಲ್ಲಿದೆ ಎಂದರೆ ಹೇಳುವ ಹಾಗೆ ಹೇಳಿದಳು. ತೀರ್ಥೇಶ ಗೋಡೆಗೆ ಒರಗಿ ಕೆಳಗೆ ಕೂತ. ಏಳು ವಾರದಲ್ಲಿ ಅವನು ಬೋರ್‌ವೆಲ್ ಏಜೆಂಟನನ್ನು ನೆನೆದಿದ್ದ, ಫೋನಿನ ಸಂಗೀತ ಕೇಳಿದ್ದ, ಕಲ್ಲೇಶನ ತಾಯಿಯ ಊರು ಕೇಳಿದ್ದ. ವೆಬ್‌ಸೈಟು ಯಾರದಾಗಿತ್ತೋ ಆ ತಂಗಿಯನ್ನೇ ಕೇಳಿರಲಿಲ್ಲ. ಅವನಿಗೆ ಒಂದೇ ಸಲಕ್ಕೆ ನಾಚಿಕೆಯೂ ಭಯವೂ ಆಯಿತು. ಯಾಕೆಂದರೆ ಇನ್ನೊಂದು ಪ್ರಶ್ನೆ ಹದಿನಾಲ್ಕು ವರ್ಷದಿಂದ ಕೇಳದೆ ಉಳಿದಿತ್ತು, ಈಗಲೂ ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಾಗುವುದಿಲ್ಲ ಎಂದು ಅವನಿಗೆ ಅನ್ನಿಸಿತು.

"ಅವತ್ತು ಕೇಳಿದ್ರೆ ಏನಂತಿದ್ದೆ ಮಲ್ಲಿ?"

ಯಾವತ್ತು ಎಂದು ಅವಳು ಕೇಳಲಿಲ್ಲ. ಚಾಕುವನ್ನು ಎತ್ತಿಕೊಂಡು ಎರಡು ಸಾಲು ಕತ್ತರಿಸಿದಳು.

"ಬೇಡ ಅಂತಿದ್ದೆ. ನನ್ನ ನೋಡೋಕೆ ಬಂದಾಗ ನೀರು ಕೊಟ್ರೆ ಲೋಟ ತಗಂಡೋನು ತಲೆ ಎತ್ತಿ ನೋಡ್ಲಿಲ್ಲ. ನಂಗೆ ಅವಾಗ್ಲೇ ಒಂಥರಾ ಆಯ್ತು. ನೀನು ಬಂದು ಬಾವಿ ಎಷ್ಟಡಿ ಅಂತ ಹೇಳ್ತಿದ್ದೆ. ನಾನು ಬಾಗ್ಲಿಂದೆ ನಿಂತು ಕಾಯ್ತಿದ್ದೆ."

ತೀರ್ಥೇಶನಿಗೆ ಅಳು ಬಂತು. ನಲವತ್ತಾರು ವರ್ಷದ ಗಂಡಸು ತಂಗಿಯ ಮುಂದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಪ್ಪಾಯ್ತು ಕಣೇ ಎಂದು ಹೇಳಿದ್ದು ಟವೆಲ್ಲಿನೊಳಗೇ ಉಳಿಯಿತೋ ಅವಳಿಗೆ ಕೇಳಿಸಿತೋ ಗೊತ್ತಾಗಲಿಲ್ಲ. ಅವಳು ಎದ್ದು ಒಂದು ತುಂಡು ಮಿಠಾಯಿ ತಂದು ಅವನ ಕೈಯಲ್ಲಿಟ್ಟಳು. ನಾಳೆ ಪ್ರಿಯಾಂಕಾಳ ಅಂಗಡಿಗೆ ಹೋಗುತ್ತೇನೆ, ನೀನೂ ಬಾ ಎಂದಳು. ಇನ್ನು ನಾನು ಬಂದು ಏನು ಮಾಡಲಿ ಎಂದು ಅವನು ಕೇಳಿದ. ಸುಮ್ಮನೆ ಕೂತ್ಕೊಳ್ಳೋಕೆ ಎಂದಳು.

ಮಾರನೆಯ ದಿನ ಅವನು ಸುಮ್ಮನೆ ಕೂತ. ಸುಮ್ಮನೆ ಕೂರುವುದು ಅಷ್ಟು ಕಷ್ಟ ಎಂದು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಪ್ರಿಯಾಂಕಾ ಕಂಪ್ಯೂಟರಿನಲ್ಲಿ ಒಂದೊಂದೇ ಕೇಳುತ್ತಿದ್ದಳು, ಮಲ್ಲಿಕಾಂಬ ಒಂದೊಂದಕ್ಕೇ ಉತ್ತರ ಕೊಡುತ್ತಿದ್ದಳು. ಆ ಕಂಪನಿಯ ಕಟ್ಟಡ ಎಷ್ಟು ಅಂತಸ್ತಿನದು ಎಂದು ತೀರ್ಥೇಶನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಜನರೇಟರ್ ಎಷ್ಟು ಕೆ.ವಿ.ಎ.ಯದು ಎಂಬುದೂ ಬಂತು, ಅದನ್ನೂ ನುಂಗಿಕೊಂಡ. ಎಲ್ಲ ಸೇರಿ ಹತ್ತು ನಿಮಿಷವೂ ಆಗಲಿಲ್ಲ. ಪರದೆಯ ಮೇಲೆ ಬೆಲ್ಲದ ಬಣ್ಣದ ಪುಟ ತೆರೆದುಕೊಂಡಿತು, ಬಾಣಲೆಯ ಮುಂದೆ ಮಲ್ಲಿಕಾಂಬ ನಗುತ್ತಿದ್ದಳು.

ಹೇಗಿದೆ ಎಂದು ಅವಳು ತಿರುಗಿ ಅಣ್ಣನನ್ನು ಕೇಳಿದಳು. ತೀರ್ಥೇಶ ಹ್ಞೂಂ ಎನ್ನಲು ಬಾಯಿ ತೆರೆದವನು ತಡೆದುಕೊಂಡ.

"ನಂಗೇನು ಗೊತ್ತಾಗುತ್ತೆ ಬಿಡು," ಎಂದ. "ನಿಂಗೆ ಇಷ್ಟ ಆಯ್ತಾ?"

ಅವಳು ಪರದೆಯ ಕಡೆ ತಿರುಗಿ, ಮೇಲಿಂದ ಕೆಳಗಿನವರೆಗೂ ನಿಧಾನವಾಗಿ, ಪೂರ್ತಿ ನೋಡತೊಡಗಿದಳು. ತೀರ್ಥೇಶ ಕಾಯುತ್ತ ಕೂತ.